ಕ್ಲಾಸಿನಾಗ ಬಾಯಿ ತೆರೆಯೂದು: ಪರದೇಶದ ಬಿಸಿನೆಸ್ ಓದಿಗೆ ಬೇಕಾದ ಇಂಗ್ಲಿಷು

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಹುಡುಗರು ಈಗ ಬಿ.ಕಾಂ., ಬಿಬಿಎ ಮುಗಿಸಿ ಪರದೇಶದಾಗ ಎಂಬಿಎ, ಎಂಎಸ್ಸಿ ಮ್ಯಾನೇಜ್‌ಮೆಂಟ್ ಓದಬೇಕು ಅಂತಾರ. ಅದು ಸಂತೋಷದ ಮಾತು. ಆದರೆ ಹತ್ತು ಮಂದಿ ಕೇಳಿದರೆ ಹತ್ತೂ ಮಂದಿ ಒಂದೇ ಮಾತು ಹೇಳ್ತಾರ: "ಸರ್, ನಮಗ ಇಂಗ್ಲಿಷ್ ಬರೂದಿಲ್ಲ." ಇವತ್ತು ಆ ಮಾತನ್ನೇ ಬಿಡಿಸಿ ನೋಡೋಣ. ಎಂಥಾ ಇಂಗ್ಲಿಷ್ ಬರೂದಿಲ್ಲ? ಅಲ್ಲಿ ಬೇಕಾದ ಇಂಗ್ಲಿಷ್ ಯಾವುದು?

ಮೊದಲು ಬಾಗಿಲ ಮಾತು. ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಹೋಗುವವರು ಹೆಚ್ಚಾಗಿ ಐಇಎಲ್‌ಟಿಎಸ್ ಪರೀಕ್ಷೆ ಬರೀತಾರ. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಅಂತ ಅದರಾಗ ನಾಲ್ಕು ಭಾಗ. ಕೇಳುವ ಭಾಗ ಸುಮಾರು 30 ನಿಮಿಷ, 40 ಪ್ರಶ್ನೆ. ಓದುವ ಭಾಗ 60 ನಿಮಿಷ, ಅಲ್ಲಿಯೂ 40 ಪ್ರಶ್ನೆ. ಬರೆಯುವ ಭಾಗಕ್ಕೂ 60 ನಿಮಿಷ: ಒಂದು ಬರಹ ಕನಿಷ್ಠ 150 ಪದ, ಇನ್ನೊಂದು ಕನಿಷ್ಠ 250 ಪದ. ಮಾತಿನ ಪರೀಕ್ಷೆ 11ರಿಂದ 14 ನಿಮಿಷ. ಅಂಕ 9ರ ತನಕ. ಬಿಸಿನೆಸ್ ಮಾಸ್ಟರ್ಸ್‌ಗೆ ಸಾಮಾನ್ಯವಾಗಿ 6.5 ಕೇಳ್ತಾರ, ಕೆಲವು ಕಡೆ 7. ಫಲಿತಾಂಶ ಎರಡು ವರ್ಷ ಮಾತ್ರ ನಡೀತದ. ಹಂಗಾಗಿ ಅರ್ಜಿ ಹಾಕೋ ವರ್ಷ ಗೊತ್ತಾಗದ ಅವಸರ ಮಾಡಿ ಬರೀಬ್ಯಾಡ್ರಿ, ಫೀ ದುಬಾರಿ ಅದ.

ಈ ಪರೀಕ್ಷೆಗೆ ಕೋಚಿಂಗ್ ಸಿಗ್ತದ, ಪುಸ್ತಕ ಸಿಗ್ತಾವ. ಆರು ತಿಂಗಳು ಬೆನ್ನು ಹತ್ತಿದರೆ ದಾಟಬಹುದು. ಆದರೆ ಇದು ಬಾಗಿಲು ಅಷ್ಟೇ. ಒಳಗೆ ಹೋದ ಮೇಲೆ ಏನು ಕೇಳ್ತಾರ ಅನ್ನೋದನ್ನ ಯಾರೂ ಹೇಳೂದಿಲ್ಲ.

ಅಲ್ಲಿ ಮಾಸ್ಟರ್ಸ್ ಅಂದರೆ ಒಂದೇ ವರ್ಷ, 180 ಕ್ರೆಡಿಟ್. ದೊಡ್ಡ ಹಾಲಿನಾಗ ಪಾಠ ಕೇಳೋದು ಒಂದು ಕಡೆ. ಇಪ್ಪತ್ತು-ಇಪ್ಪತ್ತೈದು ಮಂದಿ ಕುಂತು ಚರ್ಚೆ ಮಾಡೋ ಸೆಮಿನಾರ್ ಇನ್ನೊಂದು ಕಡೆ. ಐದಾರು ದೇಶದವರು ಕೂಡಿ ಮಾಡೋ ಗುಂಪು ಕೆಲಸ, ಎದ್ದು ನಿಂತು ವಿಷಯ ಮಂಡಿಸೋದು, ವರದಿ ಬರೆಯೋದು, ಕಡೀಕ್ಕ ಪ್ರಬಂಧ. ಗುಂಪಿನಾಗ ಯಾರು ಮಾತಾಡ್ತಾರೋ ಅವರು ನಿರ್ಧಾರ ಮಾಡ್ತಾರ. ಸುಮ್ಮನೆ ಕುಂತವರ ಪಾಲಿಗೆ ಟೈಪ್ ಮಾಡೋ ಕೆಲಸ, ಸ್ಲೈಡ್ ಜೋಡಿಸೋ ಕೆಲಸ ಬೀಳ್ತದ. ಮಾತು ಒಬ್ಬರದು, ದುಡಿಮೆ ಇನ್ನೊಬ್ಬರದು. ಈ ಹಂಚಿಕಿ ನಮಗ ಹೊಸದಲ್ಲ.

ಇಲ್ಲಿ ನಮ್ಮ ಮಕ್ಕಳಿಗೆ ಅಡ್ಡ ಬರೋದು ವ್ಯಾಕರಣ ಅಲ್ಲ. ನಮ್ಮ ಸಾಲಿಯೊಳಗ "ಸುಮ್ಮ ಕೂಡು" ಅನ್ನೋದನ್ನೇ ಶಿಸ್ತು ಅಂತ ಕಲಿಸ್ಯಾರ. ಊರೊಳಗ ನಮ್ಮ ಅಜ್ಜ-ಮುತ್ಯಾರು ಎದುರು ಮಾತಾಡಿದರೆ ಅದಕ್ಕೊಂದು ಬೆಲೆ ತೆರಬೇಕಿತ್ತು. ಆ ಅಂಜಿಕಿ ಮೈಯಾಗ ಇಳಿದದ. ಪರದೇಶದ ಕ್ಲಾಸಿನಾಗ ಪ್ರೊಫೆಸರ್ "ನಿಮಗೇನು ಅನಿಸ್ತದ?" ಅಂತ ಕೇಳಿದಾಗ ಎದ್ದು ಬರೋದು ಅದೇ ಅಂಜಿಕಿ. ಅದಕ್ಕೆ ನಾವು "ಇಂಗ್ಲಿಷ್ ಬರೂದಿಲ್ಲ" ಅಂತ ಹೆಸರು ಇಟ್ಟೀವಿ.

ಬಾಬಾಸಾಹೇಬರು 1913ರಲ್ಲಿ ಬಡೋದೆ ಸಂಸ್ಥಾನದ ವಿದ್ಯಾರ್ಥಿವೇತನದ ಮೇಲೆ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. 1915ರಲ್ಲಿ ಎಂ.ಎ. ಆಯಿತು. 1916ರ ಮೇ 9ರಂದು ಡಾ. ಗೋಲ್ಡನ್‌ವೈಸರ್ ಅವರ ಮಾನವಶಾಸ್ತ್ರದ ಸೆಮಿನಾರಿನಲ್ಲಿ ಭಾರತದ ಜಾತಿಗಳ ಬಗ್ಗೆ ಒಂದು ಪ್ರಬಂಧ ಓದಿದರು. ಆಗ ಅವರಿಗೆ 25 ವರ್ಷ. ನಾವು ಇವತ್ತು ಮಾತಾಡ್ತಿರೋ ಪರದೇಶದ ವಿದ್ಯಾರ್ಥಿ, ಸೆಮಿನಾರಿನ ಮಂಡನೆ ಎರಡೂ ಅಲ್ಲಿ ಅದಾವ. ಅವರು ಹೆಂಗ ಮಾತಾಡಿದರು ನೋಡ್ರಿ. ಮೊದಲು ಸೆನಾರ್ತ್, ನೆಸ್‌ಫೀಲ್ಡ್, ರಿಸ್ಲೆ, ಕೇತ್ಕರ್ ಜಾತಿಗೆ ಏನು ವ್ಯಾಖ್ಯೆ ಕೊಟ್ಟಾರ ಅಂತ ಹೆಸರು ಹೇಳಿ ಮುಂದೆ ಇಟ್ಟರು. ಆಮೇಲೆ ಒಂದೊಂದರೊಳಗೂ ಏನು ಸರಿ, ಎಲ್ಲಿ ಕೊರತೆ ಅಂತ ತೋರಿಸಿದರು. ಆಮೇಲೆ ತಮ್ಮ ವಾದ ಹೇಳಿದರು. ಕಡೀಕ್ಕ, ನನ್ನ ವಾದ ನಿಲ್ಲೂದಿಲ್ಲ ಅಂತ ಯಾರಾದರೂ ತೋರಿಸಿದರೆ ಬಿಟ್ಟುಕೊಡಾಕ ತಯಾರದೀನಿ ಅನ್ನೋ ಅರ್ಥದ ಮಾತು ಹೇಳಿ ಮುಗಿಸಿದರು.

ಬಿಸಿನೆಸ್ ಕ್ಲಾಸಿನಾಗ ಇವತ್ತಿಗೂ ಬೇಕಾಗಿರೋದು ಇದೇ. ಇದನ್ನ ನಾಲ್ಕು ಕೆಲಸ ಮಾಡಿ ಹೇಳ್ತೀನಿ.

ಒಂದು, ಕೇಳೋದು. ಸ್ಕಾಟ್ಲೆಂಡಿನ ಪ್ರೊಫೆಸರ್, ನೈಜೀರಿಯಾದ ಗೆಳತಿ, ಚೀನಾದ ಗೆಳೆಯ ಒಬ್ಬೊಬ್ಬರ ಉಚ್ಚಾರ ಒಂದೊಂದು ಥರ. ಯಾರದೂ ತಪ್ಪಲ್ಲ, ನಿಮ್ಮದೂ ತಪ್ಪಲ್ಲ. ತಿಳೀಲಿಲ್ಲ ಅಂದರೆ "ಕುಡ್ ಯೂ ಸೇ ದ್ಯಾಟ್ ಅಗೇನ್, ಪ್ಲೀಸ್?" ಅನ್ರಿ. ತಲಿ ಅಲ್ಲಾಡಿಸಿ ಬಿಟ್ಟರೆ ಮುಂದಿನ ಒಂದು ತಾಸು ಕೈ ಬಿಟ್ಟಂಗ.

ಎರಡು, ಒಪ್ಪದೆ ಇರೋದು. ಜಗಳ ಮಾಡದೆ ಒಪ್ಪದೆ ಇರಾಕ ಒಂದು ರೀತಿ ಅದ. "ಐ ಸೀ ಯುವರ್ ಪಾಯಿಂಟ್, ಬಟ್ ದ ನಂಬರ್ಸ್ ಸೇ ಸಮ್‌ಥಿಂಗ್ ಎಲ್ಸ್." ಮೊದಲು ಅವರ ಮಾತು ಕೇಳೀನಿ ಅಂತ ತೋರಿಸೋದು, ಆಮೇಲೆ ನಮ್ಮ ಕಾರಣ ಇಡೋದು. ಪ್ರೊಫೆಸರ್ ಮಾತನ್ನೂ ಹಿಂಗೇ ಪ್ರಶ್ನಿಸಬಹುದು. ಅದಕ್ಕೆ ಅಲ್ಲಿ ಅಂಕ ಹೆಚ್ಚು ಬೀಳ್ತಾವ, ಕಡಿಮಿ ಆಗೂದಿಲ್ಲ.

ಮೂರು, ಯಾರ ಮಾತು ಅಂತ ಹೇಳೋದು. ನಾವು ಗೈಡ್ ಬಾಯಿಪಾಠ ಮಾಡಿ ಪಾಸಾದವರು. ಅಲ್ಲಿ ಪುಸ್ತಕದ ಸಾಲು ಹಂಗೇ ಇಳಿಸಿದರೆ ಅದು ಕಳವು. ಟರ್ನಿಟಿನ್ ಅನ್ನೋ ಸಾಫ್ಟ್‌ವೇರು ನಿಮ್ಮ ಬರಹ ಎಲ್ಲೆಲ್ಲಿ ಬೇರೆಯವರದಕ್ಕೆ ಹೋಲ್ತದ ಅಂತ ತೋರಿಸ್ತದ. ವಿಷಯದಾಗ ಫೇಲ್ ಮಾಡಬಹುದು, ಕೋರ್ಸೇ ಕೈ ತಪ್ಪಬಹುದು. ಬಾಬಾಸಾಹೇಬರು ನಾಲ್ಕು ಹೆಸರು ಹೇಳಿ ಮುಂದೆ ಹೋದರಲ್ಲ, ಅದೇ ದಾರಿ. ಅವರದು ಅವರಿಗೆ, ನಮ್ಮದು ನಮಗೆ.

ನಾಲ್ಕು, ಸಾರ ಹೇಳೋದು. ಮೂವತ್ತು ಪುಟ ಓದಿ ಮೂರು ನಿಮಿಷದಾಗ ತಿರುಳು ಹೇಳಬೇಕು. ಇದು ನಿಮಗೆ ಬರೂದಿಲ್ಲ ಅಂದರೆ ನಾನು ನಂಬೂದಿಲ್ಲ. ಮನಿಯೊಳಗ ಕನ್ನಡ, ಬಜಾರದಾಗ ಮರಾಠಿ, ಟಿವಿಯೊಳಗ ಹಿಂದಿ ಅಂತ ಬೆಳೆದವರು ನಾವು. ತಲಾಠಿ ಕಚೇರಿಯ ಮರಾಠಿ ಸಾತ್‌ಬಾರಾ ಉತಾರಾ ಓದಿ, ಅದರಾಗ ಏನದ ಅಂತ ಅಜ್ಜಿಗೆ ಕನ್ನಡದಾಗ ಎರಡು ಮಾತಿನಲ್ಲಿ ಹೇಳಿದ ಮಕ್ಕಳು ಇಲ್ಲಿ ಎಷ್ಟು ಮಂದಿ ಇದ್ದೀರಿ? ಅಲ್ಲಿ ಹೇಳಿಕೊಡೋ ವಿದ್ಯಾ ಅದೇ. ನಿಮಗೆ ಬರ್ತದ, ನಾಲ್ಕನೇ ಭಾಷೆಯೊಳಗ ಮಾಡಬೇಕು ಅಷ್ಟೇ.

ಇನ್ನೊಂದು ಸಣ್ಣ ಮಾತು, ಇಮೇಲ್ ಬಗ್ಗೆ. ನಮ್ಮ ಕಡೆ ಅರ್ಜಿ ಅಂದರೆ "ವಿತ್ ಡ್ಯೂ ರೆಸ್ಪೆಕ್ಟ್ ಅಂಡ್ ಹಂಬಲ್ ಸಬ್‌ಮಿಷನ್, ಐ ಬೆಗ್ ಟು ಸ್ಟೇಟ್" ಅಂತ ಶುರು. ಬೇಡ್ರಿ. ಬೇಡೋ ಇಂಗ್ಲಿಷ್ ನಮಗೆ ಬ್ಯಾಡ. "ಡಿಯರ್ ಡಾಕ್ಟರ್" ಅಂತ ಹೇಳಿ ಮನೆತನದ ಹೆಸರು ಹಾಕಿ, ನಿಮ್ಮ ಪ್ರಶ್ನೆ ಮೂರು ಸಾಲಿನಾಗ ಬರೆದು, "ಥ್ಯಾಂಕ್ ಯೂ" ಅಂದು ಹೆಸರು ಹಾಕ್ರಿ. ಅದೇ ಮರ್ಯಾದಿ.

ಹಂಗಾದರೆ ಮಾತಾಡಾಕ ಸರಕು ಎಲ್ಲಿಂದ ತರೋದು? ಬಿಸಿನೆಸ್ ಶಾಲೆಗಳೊಳಗ ಕೇಸ್ ಅಂತ ಓದಿಸ್ತಾರ. ಒಂದು ಕಂಪನಿಗೆ ಬಂದ ತೊಡಕು ಬರೆದು ಕೊಟ್ಟು, ನೀವಾಗಿದ್ದರೆ ಏನು ಮಾಡ್ತಿದ್ದಿರಿ ಅಂತ ಕೇಳೋ ಪದ್ಧತಿ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ 1921ರಲ್ಲಿ ಬರೆದ ಮೊದಲ ಕೇಸು ಯಾವುದು ಗೊತ್ತೇನ್ರಿ? ಜನರಲ್ ಶೂ ಕಂಪನಿ. ಒಂದು ಬೂಟಿನ ಕಂಪನಿ! ಚರ್ಮದ ಕೆಲಸ ಮಾಡಿದವರ ಮನಿತನದವರು ಇಲ್ಲಿ ಕುಂತೀರಿ, ಅದಕ್ಕೇ ಹೇಳಿದೆ.

ನಮ್ಮದೇ ಒಂದು ಕೇಸ್ ತೊಗೊಳ್ರಿ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಜಿಐ ಮಾನ್ಯತೆ ಸಿಕ್ಕಿತು. ಅದು ಒಂದು ರಾಜ್ಯದ್ದಲ್ಲ. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೋಲಾಪುರ. ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ, ಹಿಂಗ ಗಡಿಯ ಎರಡೂ ಕಡೆಯ ಎಂಟು ಜಿಲ್ಲೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ಪ್ರದರ್ಶನದಾಗ ಹಂಥವೇ ಚಪ್ಪಲಿ ತೋರಿಸಿತು, ಮೂಲದ ಹೆಸರು ಹೇಳಲಿಲ್ಲ. ಇಲ್ಲಿಂದ ಆಕ್ಷೇಪ ಎದ್ದ ಮೇಲೆ, ಭಾರತದ ಕುಶಲಕರ್ಮಿಗಳ ಪ್ರೇರಣೆ ಅಂತ ಒಪ್ಪಿಕೊಂಡಿತು. ಅದೇ ವರ್ಷ ಎರಡೂ ರಾಜ್ಯಗಳ ಚರ್ಮೋದ್ಯಮ ನಿಗಮಗಳಾದ ಲಿಡ್‌ಕಾಮ್ ಮತ್ತು ಲಿಡ್‌ಕರ್ ಜೋಡಿ ಒಪ್ಪಂದ ಮಾಡಿಕೊಂಡಿತು.

ಬ್ರ್ಯಾಂಡ್, ಬೆಲೆ, ಸರಬರಾಜು, ಕಾನೂನು, ನೀತಿ ಬಿಸಿನೆಸ್ ಓದಿನ ಎಲ್ಲಾ ಪಾಠ ಇದರಾಗ ಅದಾವ. ಚರ್ಮ ಹದ ಮಾಡೋದು, ಅಟ್ಟೆ ಹೊಲಿಯೋದು ಏನು, ಅದಕ್ಕೆ ಎಷ್ಟು ದಿನ ಹಿಡೀತದ, ದಲ್ಲಾಳಿ ಎಷ್ಟು ಕೊಡ್ತಾನ ಅಂತ ಆ ಕ್ಲಾಸಿನಾಗ ನಿಮ್ಮಷ್ಟು ತಿಳಿದವರು ಯಾರು ಇರ್ತಾರ? "ನನಗೆ ಗೊತ್ತದ" ಅಂತ ಎದ್ದು ನಿಂತ ಹುಡುಗಿಯ ಇಂಗ್ಲಿಷಿನಾಗ ಎರಡು ತಪ್ಪಿದ್ದರೂ ಮಂದಿ ಕೇಳ್ತಾರ.

ಈಗ ಸಂಘಕ್ಕೆ ನನ್ನ ಬೇಡಿಕಿ. ಭಾನುವಾರ ಒಂದು ತಾಸು ಈ ಅಂಬೇಡ್ಕರ್ ಭವನ ತೆರೀರಿ. ಒಬ್ಬರು ಐದು ನಿಮಿಷ ಒಂದು ಧಂದೆಯ ಬಗ್ಗೆ ಮಾತಾಡಲಿ: ಹಾಲಿನ ಡೇರಿ, ಟವೆಲ್ ಕಾರ್ಖಾನೆ, ಚಪ್ಪಲಿ, ಯಾವುದಾದರೂ. ಮೊದಲ ತಿಂಗಳು ಕನ್ನಡದಾಗ, ಎರಡನೇ ತಿಂಗಳಿನಿಂದ ಅದನ್ನೇ ಇಂಗ್ಲಿಷಿನಾಗ. ವಾದ ಕನ್ನಡದಾಗ ಗಟ್ಟಿ ಆಗದೆ ಇಂಗ್ಲಿಷಿನಾಗ ಗಟ್ಟಿ ಆಗೂದಿಲ್ಲ. ಕೇಳಿದವರು ಒಬ್ಬೊಬ್ಬರೂ ಒಂದು ಪ್ರಶ್ನೆ ಕೇಳಲೇಬೇಕು. ಮೊದಲ ಪ್ರಶ್ನೆ ಹೆಣ್ಣುಮಕ್ಕಳದು. ತಪ್ಪು ಮಾತಾಡಿದರೆ ಯಾರೂ ನಗಬಾರದು, ಇದು ಸಂಘದ ನಿಯಮ ಆಗಲಿ.

ರೊಕ್ಕದ ಮಾತು ತಂದೆ-ತಾಯಿ ಕೇಳ್ತಾರ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಅದ. ಮಹಾರಾಷ್ಟ್ರ ಸರಕಾರದ ರಾಜರ್ಷಿ ಶಾಹು ಮಹಾರಾಜರ ಹೆಸರಿನ ಪರದೇಶ ವಿದ್ಯಾರ್ಥಿವೇತನ ಅದ. ಆದಾಯ, ಅಂಕ, ವಿಶ್ವವಿದ್ಯಾಲಯದ ದರ್ಜೆ, ಯಾವ ಕೋರ್ಸ್ ನಡೀತದ ಅನ್ನೋ ಷರತ್ತು ಆಯಾ ವರ್ಷದ ಜಾಹೀರಾತಿನಾಗ ನೋಡ್ರಿ. ಏಜೆಂಟನ ಮಾತು ನಂಬಿ ಹೊಲ ಒತ್ತಿ ಇಡಬ್ಯಾಡ್ರಿ.

ಬಾಬಾಸಾಹೇಬರು ಕೊಲಂಬಿಯಾ, ಲಂಡನ್ ನೋಡಿ ಬಂದು 1918ರಲ್ಲಿ ಮುಂಬಯಿಯ ಸಿಡೆನ್‌ಹ್ಯಾಂ ಕಾಮರ್ಸ್ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿದರು. 1920ರ ಜನವರಿ 31ಕ್ಕೆ ಪತ್ರಿಕೆ ಶುರು ಮಾಡಿದಾಗ ಅದನ್ನ ಮರಾಠಿಯೊಳಗ ತಂದರು, ಹೆಸರು 'ಮೂಕನಾಯಕ' ಅಂತ ಇಟ್ಟರು. ಇಂಗ್ಲಿಷ್ ಕಲಿತದ್ದು ತಮ್ಮ ಮಂದಿಯನ್ನ ಬಿಟ್ಟು ಹೋಗಾಕ ಅಲ್ಲ ಅನ್ನೋದು ಅದರಿಂದ ತಿಳೀತದ. ನೀವೂ ಹೋಗ್ರಿ, ಓದ್ರಿ, ಕ್ಲಾಸಿನಾಗ ಕೈ ಎತ್ರಿ. ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇಲ್ಲೇ ಶುರು ಮಾಡೋಣ. ಮೊದಲ ಐದು ನಿಮಿಷಕ್ಕೆ ಯಾರು ಹೆಸರು ಕೊಡ್ತೀರಿ, ಈಗಲೇ ಕೈ ಎತ್ರಿ.

ಜೈ ಭೀಮ್.