ಹಳಿ ಉಳಿದರೆ ಗಾಡಿ ಬರುತ್ತದೆ
(ಕಬ್ಬು ಬೆಳೆಗಾರ ಸಭಾಸದರ ಸಭೆಯಲ್ಲಿ ಮಾಡಿದ ಭಾಷಣ)



ಕಬ್ಬಿನ ಸಭೆಯಲ್ಲಿ ರೈಲಿನ ಮಾತೇಕೆ ಎಂದು ತಾವು ಕೇಳಬಹುದು. ಕಬ್ಬು ಎತ್ತಿನ ಗಾಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ಕಾರಖಾನೆ ಸೇರುತ್ತದೆ, ನಿಜ. ಆದರೆ ನಮ್ಮ ಮಕ್ಕಳು ಕಾಲೇಜಿಗೆ, ವಯಸ್ಸಾದವರು ದವಾಖಾನೆಗೆ ಸೊಲ್ಲಾಪುರಕ್ಕೋ ಮಿರಜಕ್ಕೋ ಹೋಗಿಬರಬೇಕು. ಹಳಿ ಹಾಯ್ದರೂ ಗಾಡಿ ನಿಲ್ಲದ ಹಳ್ಳಿಯಲ್ಲಿ ಹುಡುಗನು ಪಟ್ಟಣದಲ್ಲಿ ಕೋಣೆ ಹಿಡಿದು ಓದುತ್ತಾನೆ. ಹುಡುಗಿಯ ಓದು ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ಇದು ನಮ್ಮದೇ ಮಾತು.

ಇಂಗ್ಲಂಡಿನ ಡೆವನ್ ಪ್ರಾಂತದಲ್ಲಿ ಓಕ್‌ಹ್ಯಾಂಪ್ಟನ್ ಎಂಬ ಸಣ್ಣ ಪೇಟೆಯಿದೆ. 1871ರಲ್ಲಿ ಅಲ್ಲಿಗೆ ರೈಲು ಬಂತು. 1972ರಲ್ಲಿ ದಿನನಿತ್ಯದ ಪ್ರಯಾಣಿಕರ ಗಾಡಿ ನಿಂತಿತು. ಆದರೆ ಹಳಿ ಕೀಳಲಿಲ್ಲ. ಹತ್ತಿರದ ಮೆಲ್ಡನ್ ಕಲ್ಲುಗಣಿಯ ಕಲ್ಲು ಅದರ ಮೇಲೆಯೇ ಸಾಗುತ್ತಿತ್ತು. 1997ರಿಂದ ಬೇಸಗೆಯ ರವಿವಾರಗಳಲ್ಲಿ ಕೆಲವು ಗಾಡಿಗಳು ಓಡಿದವು. ಊರವರು ಸಂಘ ಕಟ್ಟಿ ಬೇಡಿಕೆ ಹಿಡಿದೇ ಇದ್ದರು. ಕೊನೆಗೆ ಸರಕಾರ ಹಣ ಕೊಟ್ಟಿತು. ಸುಮಾರು 18 ಕಿ.ಮೀ. ಹೊಸ ಹಳಿ, 24,000 ಕಾಂಕ್ರೀಟ್ ಸ್ಲೀಪರು ಹಾಕಿ, 2021ರ ನವೆಂಬರ್ 20ರಂದು ಗಾಡಿ ಮತ್ತೆ ಆರಂಭವಾಯಿತು. ಖರ್ಚು ಸುಮಾರು 4 ಕೋಟಿ ಪೌಂಡು. ಗೊತ್ತುಪಡಿಸಿದ್ದಕ್ಕಿಂತ ಸುಮಾರು 1 ಕೋಟಿ ಕಡಿಮೆ. ಎಕ್ಸೆಟರ್ ನಗರಕ್ಕೆ ಸುಮಾರು 40 ನಿಮಿಷ. ಮೊದಲು ಎರಡು ತಾಸಿಗೊಂದು, 2022ರ ಮೇ ತಿಂಗಳಿಂದ ತಾಸಿಗೊಂದು ಗಾಡಿ. ಮೊದಲ ವರ್ಷವೇ ಎರಡೂವರೆ ಲಕ್ಷಕ್ಕೂ ಹೆಚ್ಚು ಪ್ರಯಾಣಗಳಾದವು.

ಅದೇ ದಾರಿಯಲ್ಲಿ ಮುಂದೆ ಟ್ಯಾವಿಸ್ಟಾಕ್ ಇದೆ. ಅಲ್ಲಿ 1968ರಲ್ಲಿ ಗಾಡಿ ನಿಂತಿತು, ಹಳಿಯನ್ನೂ ಕಿತ್ತರು. ಆ ಊರಿಗೆ ಇಂದಿಗೂ ರೈಲಿಲ್ಲ.

ಕುಳೆ ಕಬ್ಬಿನ ಲೆಕ್ಕ ತಮಗೆ ಹೇಳಬೇಕಾಗಿಲ್ಲ. ಬುಡ ನೆಲದಲ್ಲಿದ್ದರೆ ನೀರು ಹಾಯಿಸಿದಾಗ ಚಿಗುರುತ್ತದೆ. ಬುಡ ಕಿತ್ತ ಹೊಲಕ್ಕೆ ಹೊಸ ಬೀಜ, ಹೊಸ ಖರ್ಚು. ಬಾರ್ಶಿ ಲೈಟ್ ರೈಲ್ವೆ 1927ರಲ್ಲಿ ಮಿರಜದವರೆಗೆ ತಂದ ಸಣ್ಣ ಹಳಿಯ ದಾರಿಯೂ ಇಂದು ದೊಡ್ಡ ಹಳಿಯಾಗಿದೆ.

ನಾವು ಮಾಡಬೇಕಾದುದೇನು? ಮೊದಲನೆಯದು, ಹಳ್ಳಿವಾರು ಯಾದಿ: ದಿನವೂ ಯಾರು, ಯಾವ ವೇಳೆಗೆ, ಎಲ್ಲಿಗೆ ಹೋಗುತ್ತಾರೆ? ಬರಿ ಸಹಿಗಳ ಅರ್ಜಿಗಿಂತ ಈ ಯಾದಿಗೆ ಬೆಲೆ ಹೆಚ್ಚು. ಎರಡನೆಯದು, ವೇಳೆ: ಬೆಳಿಗ್ಗೆ ಕಾಲೇಜಿಗೆ ಮುಟ್ಟಿಸಿ ಸಂಜೆ ಮರಳಿ ತರುವ ಗಾಡಿ ಬೇಕು, ನಡುಮಧ್ಯಾಹ್ನದ ಗಾಡಿಯಿಂದ ಉಪಯೋಗವಿಲ್ಲ. ಮೂರನೆಯದು, ಬಸ್ಸು: ಜತ್ತ ರೋಡ, ಅಕ್ಕಲಕೋಟ ರೋಡ ಎಂಬ ಹೆಸರೇ ಊರು ದೂರ ಎಂದು ಹೇಳುತ್ತದೆ. ಓಕ್‌ಹ್ಯಾಂಪ್ಟನ್ ನಿಲ್ದಾಣವೂ ಪೇಟೆಯಿಂದ ಮೇಲೆ ಗುಡ್ಡದಲ್ಲಿದೆ. ಗಾಡಿಯ ವೇಳೆಗೆ ಬಸ್ಸು ಹೊಂದಿಸಿದ್ದಾರೆ. ನಾಲ್ಕನೆಯದು, ನಿಲ್ದಾಣದ ಜಾಗದಲ್ಲಿ ನಮ್ಮವರೇ ರವದಿ, ಗೊಬ್ಬರ ಒಟ್ಟಬಾರದು.

ಕೊನೆಯ ಮಾತು ಕಹಿಯಾದರೂ ಹೇಳುತ್ತೇನೆ. ಟಿಕೆಟು ಕೊಳ್ಳದೆ ಹತ್ತಿದರೆ, ರೈಲ್ವೆಯ ಪುಸ್ತಕದಲ್ಲಿ ನಮ್ಮ ಊರಿನಲ್ಲಿ ಪ್ರಯಾಣಿಕರೇ ಇಲ್ಲ. ತೂಕದ ಕಾಟಾಕ್ಕೆ ಬಾರದ ಕಬ್ಬಿಗೆ ಬಿಲ್ಲು ಉಂಟೇ? ಗಾಡಿ ನಿಂತ ದಿನದಿಂದಲೇ ಪ್ರತಿ ಮನೆಯವರೂ ಟಿಕೆಟು, ಮಾಸಿಕ ಪಾಸು ಕೊಂಡು ಪ್ರಯಾಣ ಮಾಡೋಣ.