ಅಪವಾದ ಹೊತ್ತವರ ಪರವಾಗಿ

(ಶತಮಾನೋತ್ಸವದ ಅಂಗವಾಗಿ ನಡೆದ ಹೆತ್ತವರ ಹಾಗೂ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಬರಹರೂಪ)



ನೂರು ವರ್ಷ ತುಂಬಿದ ಶಾಲೆಯ ವೇದಿಕೆಯಲ್ಲಿ ಮಾಟ-ಮದ್ದುಗಳ ಮಾತನ್ನು ಎತ್ತಬೇಕೇ ಎಂದು ಹಿತೈಷಿಗಳಲ್ಲಿ ಕೆಲವರು ಕೇಳಿದರು. ಶಾಲೆಯ ಕಟ್ಟಡ ಎದ್ದು ನಿಂತ ಕಥೆ, ಗುರುಪರಂಪರೆಯ ಕಥೆ, 1956ರ ನವೆಂಬರ್ 1ರ ಬಳಿಕ ಈ ಗಡಿನಾಡಿನಲ್ಲಿ ಕನ್ನಡ ಮಾಧ್ಯಮವನ್ನು ಉಳಿಸಿಕೊಂಡ ಕಥೆ, ಇವೆಲ್ಲವನ್ನೂ ಬಲ್ಲವರು ಈ ಸಂಚಿಕೆಯಲ್ಲಿ ಬರೆಯುತ್ತಿದ್ದಾರೆ. ಯಾರೂ ಬರೆಯದೆ ಉಳಿಯುವುದು ಒಂದಿದೆ. ನಮ್ಮ ಊರುಗಳಲ್ಲಿ ‘ಆಕೆ ಮದ್ದು ಹಾಕುತ್ತಾಳೆ’, ‘ಆ ಮನೆಯವರು ಮಾಟ ಬಲ್ಲವರು’ ಎಂಬ ಅಪವಾದವನ್ನು ಹೊತ್ತು ಬಾಳಿ ಕಣ್ಮುಚ್ಚಿದವರಿದ್ದಾರೆ, ಇಂದಿಗೂ ಹೊತ್ತು ಬಾಳುತ್ತಿರುವವರಿದ್ದಾರೆ. ಅವರ ಮಕ್ಕಳೂ ಮೊಮ್ಮಕ್ಕಳೂ ಇದೇ ಶಾಲೆಯ ಬೆಂಚುಗಳಲ್ಲಿ ಕುಳಿತು ಕಲಿತವರು. ಆದುದರಿಂದ ಈ ಮಾತು ಇಲ್ಲಿಗೇ ಸಲ್ಲುತ್ತದೆ ಎಂದು ನಾವು ಭಾವಿಸಿದ್ದೇವೆ.

ಒಂದು ವಿಷಯವನ್ನು ಮೊದಲೇ ಸ್ಪಷ್ಟಪಡಿಸಬೇಕು. ನಾವು ಇಲ್ಲಿ ದೈವಾರಾಧನೆಯ ಕುರಿತಾಗಲಿ, ದೇವರ ನಂಬಿಕೆಯ ಕುರಿತಾಗಲಿ ಮಾತನಾಡುತ್ತಿಲ್ಲ. ಕೋಲ, ತೆಯ್ಯಂ, ಉರೂಸ್, ಹಬ್ಬ ಎಲ್ಲವೂ ಈ ಮಣ್ಣಿನವು. ನೆರೆಮನೆಯ ಒಬ್ಬ ಮನುಷ್ಯಳ ಮೇಲೆ, ಯಾವ ಸಾಕ್ಷಿಯೂ ಇಲ್ಲದೆ, ಇನ್ನೊಬ್ಬರ ರೋಗಕ್ಕೆ ನೀನೇ ಕಾರಣಳೆಂದು ಹೊರಿಸುವ ಆರೋಪದ ಕುರಿತಷ್ಟೇ ನಮ್ಮ ಮಾತು.

ನಮ್ಮ ಕಡೆಯ ಆರೋಪದ ರೂಪ ಬಹಳ ಮೆಲ್ಲನೆಯದು. ಮಲಯಾಳದಲ್ಲಿಯೂ ಕನ್ನಡದಲ್ಲಿಯೂ ‘ಕೈವಿಷ’ ಎನ್ನುತ್ತೇವೆ, ಮದ್ದು ಹಾಕುವುದು ಎನ್ನುತ್ತೇವೆ. ಊಟದಲ್ಲಿಯೋ ಪಾನೀಯದಲ್ಲಿಯೋ ಕೂದಲು, ಉಗುರು, ಇನ್ನೇನನ್ನೋ ಸೇರಿಸಿ ಕೊಟ್ಟರೆ ಅದು ಹೊಟ್ಟೆಯೊಳಗೆ ಕುಳಿತು ವರ್ಷಗಟ್ಟಲೆ ಮನುಷ್ಯನನ್ನು ಸವೆಸುತ್ತದೆ ಎಂಬುದು ನಂಬಿಕೆ. ಹಸಿವಿಲ್ಲದಿರುವುದು, ಎದೆಯುರಿ, ಮೈ ಇಳಿಯುವುದು, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು, ಎಲ್ಲಕ್ಕೂ ಇದೇ ಕಾರಣವೆಂದು ಹೇಳುವವರಿದ್ದಾರೆ. ಜಠರದ ಹುಣ್ಣಿಗೂ, ಕ್ಷಯಕ್ಕೂ, ಸಕ್ಕರೆ ಕಾಯಿಲೆಗೂ, ಮನಸ್ಸಿನ ಖಿನ್ನತೆಗೂ ಇವೇ ಲಕ್ಷಣಗಳಿರುತ್ತವೆ ಎಂದು ವೈದ್ಯರು ಹೇಳಿದರೆ ಕೇಳುವ ತಾಳ್ಮೆ ಮಾತ್ರ ಇರುವುದಿಲ್ಲ. ವಾಂತಿ ಮಾಡಿಸಿ ‘ಇದೋ ನೋಡಿ’ ಎಂದು ಒಂದು ಉಂಡೆಯನ್ನು ತೋರಿಸಿದರೆ ಸಂಶಯ ಮುಗಿಯಿತು. ಮುಂದಿನ ಪ್ರಶ್ನೆ, ‘ಯಾರು ಕೊಟ್ಟದ್ದು?’

ಆ ಪ್ರಶ್ನೆಗೆ ಹೊರಡುವ ಉತ್ತರವನ್ನು ಗಮನಿಸಿರಿ. ಹತ್ತು ಆಳು ಕೆಲಸಕ್ಕಿರುವ ದೊಡ್ಡ ಮನೆಯ ಯಜಮಾನರ ಹೆಸರು ಬರುವುದು ಅಪರೂಪ. ಬರುವುದು ಗಂಡನಿಲ್ಲದವಳ ಹೆಸರು, ಮಕ್ಕಳಾಗದವಳ ಹೆಸರು, ಬೇರೆ ಊರಿನಿಂದ ಮದುವೆಯಾಗಿ ಬಂದು ಮಾತು ಕಡಿಮೆಯಾಡುವವಳ ಹೆಸರು, ಜಾಗದ ಗಡಿಯ ವಿಚಾರದಲ್ಲಿ ತಕರಾರು ಎತ್ತಿದವಳ ಹೆಸರು. ಯಾರೂ ಅವಳನ್ನು ಹೊಡೆಯುವುದಿಲ್ಲ. ಪೊಲೀಸರಿಗೆ ದೂರು ಹೋಗುವುದಿಲ್ಲ. ಅವಳ ಮನೆಯ ನೀರನ್ನು ಕುಡಿಯುವುದು ಮಾತ್ರ ನಿಲ್ಲುತ್ತದೆ. ಮದುವೆಯ ಕಾಗದ ಬರುತ್ತದೆ, ಅಡುಗೆಯ ಕಡೆಗೆ ಕರೆಯುವುದಿಲ್ಲ. ಅವಳ ಮಗಳ ಸಂಬಂಧ ಎರಡು ಬಾರಿ ಕುದುರಿ ಎರಡು ಬಾರಿಯೂ ತಪ್ಪುತ್ತದೆ. ಕಾರಣವನ್ನು ಯಾರೂ ಹೇಳುವುದಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ತರಗತಿಯೊಂದರಲ್ಲಿ ಒಬ್ಬ ಬಾಲಕಿಯ ಬುತ್ತಿಯಿಂದ ಏನನ್ನೂ ತಿನ್ನಬಾರದೆಂದು ಮಕ್ಕಳು ತಮ್ಮೊಳಗೆ ಕಟ್ಟಳೆ ಮಾಡಿಕೊಂಡಿದ್ದರು. ವಿಚಾರಿಸಿದರೆ, ಆಕೆಯ ಅಜ್ಜಿಯ ಮೇಲೆ ಊರಿನಲ್ಲಿ ಈ ಮಾತಿದೆ. ಮನೆ ಭೇಟಿಗೆಂದು ನಾವು ಮೂವರು ಶಿಕ್ಷಕಿಯರು ಅಲ್ಲಿಗೆ ಹೋದೆವು. ಅಜ್ಜಿ ಬೆಲ್ಲದ ಕಾಫಿ ಮಾಡಿದರು. ಲೋಟಗಳನ್ನು ಮುಂದಿಟ್ಟು, ಬಾಗಿಲ ಚೌಕಟ್ಟನ್ನು ಹಿಡಿದು, ನಾವು ಕೊನೆಯ ಗುಟುಕು ಮುಗಿಸುವವರೆಗೆ ಮಾತಿಲ್ಲದೆ ನೋಡುತ್ತ ನಿಂತರು. ಬಳಿಕ, ‘ಹೊರಗಿನವರು ಈ ಲೋಟದಲ್ಲಿ ಕುಡಿಯದೆ ಎಷ್ಟು ಕಾಲವಾಯಿತೋ ಟೀಚರೇ’ ಎಂದರು. ಅದೇ ವಾರ ಆ ಮಗುವಿನ ಬುತ್ತಿಯಿಂದ ನಾವು ತರಗತಿಯಲ್ಲಿಯೇ ತಿಂದೆವು. ಮಕ್ಕಳಿಗೆ ಅಷ್ಟು ಸಾಕಾಯಿತು. ದೊಡ್ಡವರಿಗೆ ಸಾಕಾಗಲಿಲ್ಲ.

ಈ ಕೂದಲು, ಉಗುರುಗಳ ಮಾತಿಗೆ ಇನ್ನೊಂದು ಮಗ್ಗುಲಿದೆ. ತುಳುನಾಡಿನಲ್ಲಿ ‘ಅಜಲು’ ಎಂಬ ಪದ್ಧತಿಯಿತ್ತು. ಕೂದಲು, ಉಗುರು ಮುಂತಾದುವನ್ನು ಅನ್ನದಲ್ಲಿ ಕಲಸಿ ಕೊರಗ ಸಮುದಾಯದವರಿಗೆ ತಿನ್ನಿಸಿದರೆ ಮನೆಯ ರೋಗ, ಅನಿಷ್ಟಗಳು ಅವರಿಗೆ ದಾಟಿಹೋಗುತ್ತವೆ ಎಂದು ನಂಬಿದವರಿದ್ದರು. ಇದನ್ನು ನಿಷೇಧಿಸಲು ಕರ್ನಾಟಕ ಸರಕಾರ 2000ದಲ್ಲಿ ಪ್ರತ್ಯೇಕ ಕಾಯಿದೆಯನ್ನೇ ಮಾಡಬೇಕಾಯಿತು. ಆ ಕಾಯಿದೆಯ ಅಜಲಿನ ವಿವರಣೆಯಲ್ಲಿ ಕೂದಲು, ಉಗುರುಗಳ ಹೆಸರೇ ಇದೆ. ಬಡ ವಿಧವೆಯೊಬ್ಬಳು ತಮಗೆ ತಿನ್ನಿಸುತ್ತಾಳೆಂದು ಯಾವುದಕ್ಕೆ ಹೆದರಿದರೋ ಅದನ್ನೇ ಊರಿನ ಗೌರವಸ್ಥರು ಹಾಡುಹಗಲಲ್ಲಿ, ಕಾಣುವಂತೆ, ಕೊರಗರಿಗೆ ತಿನ್ನಿಸುತ್ತಿದ್ದರು. ಕೈವಿಷದ ಆರೋಪಕ್ಕೆ ಸಾಕ್ಷಿ ಯಾರಿಗೂ ಸಿಕ್ಕಿಲ್ಲ. ಅಜಲಿಗೆ ಊರೇ ಸಾಕ್ಷಿ.

ಮಲಬಾರಿನ ದಕ್ಷಿಣ ಭಾಗದಲ್ಲಿ ಇಂಥದೇ ಸ್ಥಾನ ಒಡಿಯನದು. ರೂಪ ಬದಲಿಸಿ ಗರ್ಭಿಣಿಯರಿಗೆ ಕೇಡು ಮಾಡುವ ಒಡಿಯನ ಕಥೆ ಇಂದಿನ ಮಕ್ಕಳಿಗೆ ಸಿನಿಮಾದಿಂದ ಪರಿಚಿತ. ಆ ಹೆಸರನ್ನು ಹೊತ್ತವರು ಸಮಾಜದ ತೀರಾ ಅಂಚಿಗೆ ತಳ್ಳಲ್ಪಟ್ಟ ಜಾತಿಗಳವರಾಗಿದ್ದರು ಎಂಬುದು ಅಷ್ಟು ಪರಿಚಿತವಲ್ಲ. ಕರ್ನಾಟಕದ ಕಲಬುರಗಿ, ಬೀದರ್ ಕಡೆಗೆ ಹೋದರೆ ಆರೋಪದ ಹೆಸರು ಬಾನಾಮತಿ. ಎಳೆಯ ಸೊಸೆಯಂದಿರು ನಾಯಿಯಂತೆ ಬೊಗಳುವುದು, ಬಟ್ಟೆಗೆ ತಾನಾಗಿ ಬೆಂಕಿ ಹತ್ತುವುದು, ಮನೆಯ ಮೇಲೆ ಕಲ್ಲು ಬೀಳುವುದು. ಮಾಡಿದವರೆಂದು ಸಂಶಯ ಬಂದವರ ಹಲ್ಲುಗಳನ್ನು ಮುರಿದ ಘಟನೆಗಳು ಅಲ್ಲಿ ನಡೆದಿವೆ. ಹಲ್ಲಿಲ್ಲದಿದ್ದರೆ ಮಂತ್ರದ ಉಚ್ಚಾರ ಕೆಡುತ್ತದೆಂಬುದು ಅದರ ತರ್ಕ. ನಿಮ್ಹಾನ್ಸ್ ಸಂಸ್ಥೆಯ ಡಾ. ಸಿ.ಆರ್. ಚಂದ್ರಶೇಖರ್ ಅವರಂತಹ ಮನೋವೈದ್ಯರು ಇಂತಹ ಪ್ರಸಂಗಗಳನ್ನು ಅಧ್ಯಯನ ಮಾಡಿ, ಹೇಳಿಕೊಳ್ಳಲಾಗದ ಸಂಕಟವು ದೇಹದ ಮೂಲಕ ಹೊರಬರುವ ಬಗೆಯನ್ನು ತಿಳಿಗನ್ನಡದಲ್ಲಿ ಜನರಿಗೆ ವಿವರಿಸಿದರು. ಬೊಗಳುತ್ತಿದ್ದ ಸೊಸೆಗೂ ಹಲ್ಲು ಕಳೆದುಕೊಂಡ ಮುದುಕನಿಗೂ ಬೇಕಾಗಿದ್ದುದು ನಿಜವಾದ ಕಾರಣವೊಂದೇ.

ನಿಜವಾದ ಕಾರಣವನ್ನು ಹುಡುಕುವುದೆಂದರೇನು ಎಂಬುದಕ್ಕೆ ನಮ್ಮ ಜಿಲ್ಲೆಗಿಂತ ದೊಡ್ಡ ಪಾಠಶಾಲೆ ಬೇಕಿಲ್ಲ. ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗ, ವಾಣಿನಗರಗಳನ್ನು ನೀವೆಲ್ಲರೂ ಬಲ್ಲಿರಿ. ಮನೆಮನೆಯಲ್ಲಿ ಅಂಗವಿಕಲ ಮಕ್ಕಳು ಹುಟ್ಟತೊಡಗಿದಾಗ ಇದು ದೈವದ ಮುನಿಸು, ಹಿರಿಯರ ಶಾಪ ಎಂದು ನೊಂದವರೇ ನಂಬಿದ್ದರು. ಹರಕೆ ಸಲ್ಲಿಸಿದರು, ಪ್ರಶ್ನೆ ಇಡಿಸಿದರು. ತಾಯಂದಿರು ತಮ್ಮ ಹೊಟ್ಟೆಯನ್ನೇ ಹಳಿದುಕೊಂಡರು. ಹೆಲಿಕಾಪ್ಟರು ಗೇರುತೋಟಗಳ ಮೇಲೆ ಎಂಡೋಸಲ್ಫಾನ್ ಸುರಿಯುತ್ತಿದ್ದುದು ಕಣ್ಣೆದುರೇ ಇತ್ತು. 1970ರ ದಶಕದ ಕೊನೆಯಿಂದ 2000ದವರೆಗೂ ಸುರಿಯಿತು. ಪತ್ರಕರ್ತ ಶ್ರೀ ಪಡ್ರೆಯವರು ವಿಕಾರವಾಗಿ ಹುಟ್ಟಿದ ಕರುಗಳನ್ನು ಕಂಡು ಆರಂಭದ ವರ್ಷಗಳಲ್ಲಿಯೇ ಬರೆದರು. ವಾಣಿನಗರದ ಡಾ. ವೈ.ಎಸ್. ಮೋಹನ ಕುಮಾರರು ತಮ್ಮಲ್ಲಿಗೆ ಬರುವ ರೋಗಿಗಳ ಮನೆಗಳು ಎಲ್ಲಿವೆ, ಅವರು ಯಾವ ತೋಡಿನ ನೀರು ಕುಡಿಯುತ್ತಾರೆ ಎಂದು ಗಮನಿಸಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಜ್ಞರು ಬಂದು ಪಡ್ರೆಯ ಶಾಲಾಮಕ್ಕಳನ್ನು, ಔಷಧ ಸಿಂಪಡಿಸದ ಮೀಂಜ ಪಂಚಾಯತಿನ ಶಾಲಾಮಕ್ಕಳೊಡನೆ ಹೋಲಿಸಿ ಪರೀಕ್ಷಿಸಿದರು. ಎರಡು ಶಾಲೆಗಳ ಮಕ್ಕಳು, ಎರಡು ಪಟ್ಟಿಗಳು, ನಡುವೆ ಒಂದು ವ್ಯತ್ಯಾಸ. ಅಲ್ಲಿಂದ ಮುಂದೆ ಶಾಪವೆಂಬ ಮಾತು ನಿಲ್ಲಲು ಸಾಧ್ಯವಿರಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಎಂಡೋಸಲ್ಫಾನನ್ನು ತಡೆಹಿಡಿಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಆದೇಶಿಸಿತು. ಆ ಹಣಕ್ಕಾಗಿ ತಾಯಂದಿರು ಎಷ್ಟು ಸಲ ಧರಣಿ ಕುಳಿತರು ಎಂಬುದು ಬೇರೆಯೇ ಒಂದು ಸಂಚಿಕೆಗೆ ಆಗುವಷ್ಟಿದೆ. ಶಾಪ ಕೊಟ್ಟವರಿಂದ ಯಾವ ನ್ಯಾಯಾಲಯವೂ ಪರಿಹಾರ ಕೊಡಿಸಲಾರದು. ಕಾರಣ ತಿಳಿದುದರಿಂದಲೇ ನ್ಯಾಯ ಕೇಳಲು ಒಂದು ವಿಳಾಸ ದೊರೆಯಿತು.

ಆದರೆ ಮಾಟದ ಆರೋಪ ಹೊತ್ತವರು ಯಾವ ವಿಳಾಸಕ್ಕೆ ಹೋಗಬೇಕು? ಇಲ್ಲಿ ನಮ್ಮ ಗಡಿಯ ವಿಚಿತ್ರವಿದೆ. ತಲಪಾಡಿಯ ಆಚೆಗೆ ಕರ್ನಾಟಕದಲ್ಲಿ ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ 2017ರ ಕಾಯಿದೆ 2020ರ ಜನವರಿಯಿಂದ ಜಾರಿಯಲ್ಲಿದೆ. ಮಹಾರಾಷ್ಟ್ರದಲ್ಲಿ ಡಾ. ನರೇಂದ್ರ ದಾಭೋಲ್ಕರ್ ಅವರು ವರ್ಷಾನುಗಟ್ಟಲೆ ಒತ್ತಾಯಿಸಿದ ಕಾಯಿದೆ, 2013ರ ಆಗಸ್ಟ್ 20ರಂದು ಅವರ ಹತ್ಯೆಯಾದ ಬಳಿಕ ಬಂತು. ಮಂತ್ರದಿಂದ ಹಸುವಿನ ಹಾಲು ಕಡಿಮೆ ಮಾಡುತ್ತಾರೆಂದು ಒಬ್ಬರ ಮೇಲೆ ಅಪವಾದ ಹೊರಿಸಿ ಬಾಳನ್ನು ದುಸ್ತರಗೊಳಿಸುವುದೂ ಅದರಲ್ಲಿ ಅಪರಾಧ. ಹಟ್ಟಿಯ ಹಸುವಿನವರೆಗೂ ಇಳಿದು ಬಂದ ಕಾನೂನೆಂದು ಅದರ ಮೇಲೆ ನಮಗೆ ವಿಶೇಷ ಗೌರವ. ಕೇರಳದಲ್ಲಿ ನ್ಯಾಯಮೂರ್ತಿ ಕೆ.ಟಿ. ಥಾಮಸ್ ಅವರ ನೇತೃತ್ವದ ಕಾನೂನು ಸುಧಾರಣಾ ಆಯೋಗವು 2019ರಲ್ಲಿಯೇ ಮಸೂದೆಯ ಕರಡನ್ನು ಸಿದ್ಧಪಡಿಸಿಕೊಟ್ಟಿತು. 2022ರ ಅಕ್ಟೋಬರಿನಲ್ಲಿ ಇಲಂತೂರಿನ ನರಬಲಿ ಬೆಳಕಿಗೆ ಬಂದಾಗ ಬೇಡಿಕೆ ಮತ್ತೆ ಎದ್ದಿತು. 2025ರ ಜೂನಿನಲ್ಲಿ, ಈ ಶಾಸನದೊಂದಿಗೆ ಮುಂದುವರಿಯದಿರಲು ಮಂತ್ರಿಮಂಡಲ ನಿರ್ಧರಿಸಿದೆಯೆಂದು ಸರಕಾರವು ಹೈಕೋರ್ಟಿಗೆ ತಿಳಿಸಿತು. ಸಾಕ್ಷರತೆಯಲ್ಲಿ ಮುಂದಿರುವ ರಾಜ್ಯಕ್ಕೆ ಇದು ಒಪ್ಪುವ ನಿರ್ಧಾರವಲ್ಲ ಎಂಬುದು ನಮ್ಮ ಅಭಿಪ್ರಾಯ.

ಹಾಗೆಂದು ಕೈಕಟ್ಟಿ ಕುಳಿತುಕೊಳ್ಳಬೇಕಾಗಿಲ್ಲ. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ, ಆ ಸಮುದಾಯಗಳವರ ಮೇಲೆ ಇತರರು ಮಾಟಗಾತಿ ಎಂಬ ಆರೋಪ ಹೊರಿಸಿ ದೈಹಿಕ ಹಾನಿಯನ್ನಾಗಲಿ ಮಾನಸಿಕ ಯಾತನೆಯನ್ನಾಗಲಿ ಉಂಟುಮಾಡುವುದು ಅಪರಾಧ. ಇದು ಕೇಂದ್ರದ ಕಾನೂನು, ಕಾಸರಗೋಡಿಗೂ ಅನ್ವಯಿಸುತ್ತದೆ. ‘ಮಾನಸಿಕ ಯಾತನೆ’ ಎಂಬ ಮಾತನ್ನು ಗಮನದಲ್ಲಿಡಿ, ಹೊಡೆತ ಬಿದ್ದಿರಲೇಬೇಕೆಂದಿಲ್ಲ. ಉಳಿದವರಿಗೆ ಮಾನನಷ್ಟದ ಸಾಮಾನ್ಯ ಕಾನೂನಿದೆ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ದೊರೆಯುತ್ತದೆ.

ಕಾನೂನು ಬಂದ ಕಡೆಗಳಲ್ಲಿಯೂ ಮೊದಲ ಹೆಜ್ಜೆ ಇಟ್ಟವರು ಸಾಮಾನ್ಯ ಹೆಂಗಸರು ಎಂಬುದನ್ನು ಮರೆಯುವಂತಿಲ್ಲ. ಅಸ್ಸಾಮಿನ ಗೋಲ್ಪಾರಾ ಜಿಲ್ಲೆಯ ಬಿರುಬಾಲಾ ರಾಭಾ ಅವರ ಮಗನಿಗೆ ಮಾನಸಿಕ ಕಾಯಿಲೆ ಬಂದಾಗ, ಅವನು ಮೂರು ದಿನಗಳಲ್ಲಿ ಸಾಯುತ್ತಾನೆಂದು ಮಂತ್ರಗಾರರು ಹೇಳಿದರಂತೆ. ಅವನು ಸಾಯಲಿಲ್ಲ. ಮಂತ್ರಗಾರರ ಮಾತನ್ನು ನಂಬಿ ಮಾಟಗಾತಿಯರೆಂದು ಕೊಲ್ಲಲ್ಪಡುತ್ತಿದ್ದವರ ಪರವಾಗಿ ಆ ತಾಯಿ ಊರೂರು ತಿರುಗಿದರು. ಅಸ್ಸಾಮಿನ ವಿಧಾನಸಭೆ 2015ರಲ್ಲಿ ಕಾಯಿದೆಯನ್ನು ಅಂಗೀಕರಿಸಿತು. 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಸತ್ತವರಿಗೂ ನ್ಯಾಯ ಸಲ್ಲಬೇಕೇ ಎಂದು ಕೇಳುವವರಿಗೆ ಒಂದು ಶಾಲೆಯ ಸಂಗತಿಯನ್ನು ಹೇಳುತ್ತೇವೆ. ಅಮೆರಿಕದ ಸೇಲಂ ಪ್ರಕರಣದಲ್ಲಿ 1692ರಲ್ಲಿ 19 ಮಂದಿಯನ್ನು ಮಾಟಗಾರರೆಂದು ಗಲ್ಲಿಗೇರಿಸಿದರು. ಎಲಿಜಬೆತ್ ಜಾನ್ಸನ್ ಎಂಬ 22ರ ತರುಣಿಗೆ 1693ರಲ್ಲಿ ಮರಣದಂಡನೆಯಾಯಿತಾದರೂ ಜೀವ ಉಳಿಯಿತು. ಮುಂದಿನ ಶತಮಾನಗಳಲ್ಲಿ ಉಳಿದವರ ಹೆಸರುಗಳು ಒಂದೊಂದಾಗಿ ದೋಷಮುಕ್ತವಾದವು. ಈಕೆಯದು ಬಿಟ್ಟುಹೋಯಿತು. ಮದುವೆಯಾಗದ, ಮಕ್ಕಳಿಲ್ಲದ ಆಕೆಗಾಗಿ ಅರ್ಜಿ ಹಾಕುವ ವಂಶಸ್ಥರಿರಲಿಲ್ಲ. ನಾರ್ತ್ ಆಂಡೋವರಿನ ಶಾಲೆಯೊಂದರ ಎಂಟನೇ ತರಗತಿಯ ಮಕ್ಕಳು ತಮ್ಮ ಶಿಕ್ಷಕಿ ಕ್ಯಾರಿ ಲಾಪಿಯೆರ್ ಅವರ ಮಾರ್ಗದರ್ಶನದಲ್ಲಿ ಹಳೆಯ ದಾಖಲೆಗಳನ್ನು ಓದಿ, ಶಾಸಕರಿಗೆ ಬರೆದು, ಬಿಡದೆ ಕೇಳಿದರು. 2022ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಕಾನೂನಿನ ಮೂಲಕವೇ ಆಕೆಯನ್ನು ನಿರ್ದೋಷಿಯೆಂದು ಸಾರಿತು. 329 ವರ್ಷಗಳ ಬಳಿಕ ಆಕೆಗೆ ದೊರೆತ ಬಂಧುಗಳು ನಮ್ಮ ಎಂಟನೇ ತರಗತಿಯಲ್ಲಿ ಕುಳಿತಿರುವವರ ವಯಸ್ಸಿನ ಮಕ್ಕಳು.

ನಮ್ಮ ಊರಿನ ಅಜ್ಜಿಯಂದಿರಿಗೆ ತೀರ್ಪೇ ಆಗಿಲ್ಲವಾದುದರಿಂದ ರದ್ದುಗೊಳಿಸಲು ಏನೂ ಇಲ್ಲ. ಕಿವಿಯಿಂದ ಕಿವಿಗೆ ಹೋದ ಮಾತಿಗೆ ದಾಖಲೆಯಿಲ್ಲ. ಆದುದರಿಂದ ಶತಮಾನೋತ್ಸವದ ಸ್ಮರಣಾರ್ಥ ಶಾಲಾ ಗ್ರಂಥಾಲಯದಲ್ಲಿ ಒಂದು ಪುಸ್ತಕವನ್ನು ಇಡುತ್ತಿದ್ದೇವೆ. ನೀವು ಬಾಲ್ಯದಲ್ಲಿ ‘ಅಲ್ಲಿ ನೀರು ಕುಡಿಯಬೇಡ’ ಎಂದು ಕೇಳಿದ ಮನೆ ಯಾವುದೋ, ಆ ಮನೆಯಾಕೆಯ ಬಗ್ಗೆ ನಿಮಗೆ ಸ್ವತಃ ಗೊತ್ತಿರುವುದನ್ನು ಅದರಲ್ಲಿ ಬರೆಯಿರಿ. ಆಕೆ ಯಾರ ಹೆರಿಗೆಗೆ ಓಡಿಬಂದಿದ್ದರು, ಯಾವ ಮಕ್ಕಳಿಗೆ ಪೇರಳೆಹಣ್ಣು ಕೊಟ್ಟಿದ್ದರು, ಯಾವ ಹಾಡು ಬರುತ್ತಿತ್ತು, ಎಷ್ಟು ವರ್ಷ ಒಬ್ಬರೇ ಇದ್ದರು. ಕೇಳಿದ ಮಾತು ಬೇಡ, ಕಂಡದ್ದು ಸಾಕು. ಮನೆಯವರ ಒಪ್ಪಿಗೆಯಿಲ್ಲದೆ ಹೆಸರು ಬರೆಯಬಾರದು. ಆರೋಪ ಹೊರಿಸಿದವರ ಹೆಸರಂತೂ ಬೇಕಾಗಿಯೇ ಇಲ್ಲ. ಪರವೂರುಗಳಲ್ಲಿರುವ ಹಳೆ ವಿದ್ಯಾರ್ಥಿಗಳು ಅಂಚೆಯ ಮೂಲಕ ಕಳುಹಿಸಬಹುದು. ಒಂಬತ್ತನೇ ತರಗತಿಯ ಮಕ್ಕಳು ಅದನ್ನು ಅಂದವಾಗಿ ನಕಲು ಮಾಡಿ ಸೇರಿಸುತ್ತಾರೆ. ಪುಸ್ತಕವು ಗ್ರಂಥಾಲಯದ ಮೇಜಿನ ಮೇಲೆಯೇ ಇರುತ್ತದೆ, ಬೀಗ ಹಾಕಿದ ಕಪಾಟಿನಲ್ಲಿ ಅಲ್ಲ.