ಜವಾರಿ ತಂತಿ



ಕನ್ನಡ ಎಂ.ಎ. ಮಾಡಿ, ಮೂವತ್ತಕ್ಕೂ ಹೆಚ್ಚು ವರ್ಷ ಪಂಪ, ಕುಮಾರವ್ಯಾಸರನ್ನು ಪಾಠ ಹೇಳಿ ನಿವೃತ್ತನಾದವನೊಬ್ಬನು ವಿದ್ಯುತ್ ಗಿಟಾರಿನ ವಿಷಯವಾಗಿ ಮಾತನಾಡಲು ಹೊರಟಿದ್ದಾನೆಂದರೆ ನಿಮ್ಮಲ್ಲಿ ಕೆಲವರಿಗೆ ನಗೆ ಬರಬಹುದು. ನಗಬೇಕಾದದ್ದೇ. ಈ ವಿಷಯದಲ್ಲಿ ನನಗಿರುವ ಅಧಿಕಾರ ಒಂದೇ: ಹದಿನೆಂಟು ವರ್ಷ ನಾನು ಅದನ್ನು ಕೇಳದೆಯೇ ಬೈದಿದ್ದೇನೆ. ಬೈದದ್ದು ಗಿಟಾರಿಗೆ ತಗಲಲಿಲ್ಲ, ನನ್ನ ಮಗನಿಗೆ ತಗಲಿತು. ಆ ಕಥೆಯನ್ನೇ ಇಂದು ಹೇಳುತ್ತೇನೆ.

2007ರ ಮಾತು. ಮಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ಆ ವರ್ಷ ಮಾರ್ಚ್ 17ರಂದು ಅಲ್ಲಿಯ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಎಂಬ ಇಂಗ್ಲೆಂಡಿನ ರಾಕ್ ತಂಡದ ಕಚೇರಿ ನಡೆಯಿತು. ಅದಕ್ಕೆ ನಾಲ್ಕು ವರ್ಷ ಮೊದಲು, 2003ರ ಏಪ್ರಿಲಿನಲ್ಲಿ, ರೋಲಿಂಗ್ ಸ್ಟೋನ್ಸ್ ತಂಡದವರು ಅದೇ ಊರಿನಲ್ಲಿ ಮಳೆಯ ನಡುವೆ ಹಾಡಿಹೋಗಿದ್ದರು. ನನ್ನ ಮಗ ಕಚೇರಿ ಕೇಳಿ, ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡು, ಗೆಳೆಯನ ಗಿಟಾರನ್ನು ಹೆಗಲಿಗೆ ಹಾಕಿಕೊಂಡು ಯುಗಾದಿಗೆ ಬೈಲಹೊಂಗಲಕ್ಕೆ ಬಂದ. ಪಡಸಾಲೆಯಲ್ಲಿ ಕುಳಿತು ನುಡಿಸತೊಡಗಿದ. ನಾನು ಓದುತ್ತಿದ್ದ ಪುಸ್ತಕ ಮುಚ್ಚಿ, "ಇದು ಸಂಗೀತ ಅಲ್ಲ, ಗಿರಣಿ ಸಪ್ಪಳ. ನನ್ನ ಮನ್ಯಾಗ ಇದು ಬ್ಯಾಡ" ಎಂದೆ. ಅವನು ಮರುಮಾತನಾಡಲಿಲ್ಲ. ಗಿಟಾರನ್ನು ಚೀಲದಲ್ಲಿಟ್ಟ. ಮುಂದೆ ವರ್ಷ ವರ್ಷವೂ ಹಬ್ಬಕ್ಕೆ ಬಂದ, ಮದುವೆಯಾದ, ಮಗಳ ತಂದೆಯಾದ, ಮಳೆ ಬೆಳೆಯ ಮಾತೂ ಆಡಿದ. ಆದರೆ ನನ್ನ ಮನೆಯಲ್ಲಿ ಮತ್ತೆ ತಂತಿ ಮುಟ್ಟಲಿಲ್ಲ. ನಾಲ್ಕು ತಂತಿಯ ತಂಬೂರಿಯಲ್ಲಿ ಒಂದು ಸಡಿಲಾದರೆ ಹೇಗೋ, ನಮ್ಮ ಮಾತು ಹಾಗೆ ನಡೆದಿತ್ತು.

ಗಿರಣಿಯ ಸಪ್ಪಳ ಎಂದ ನಾನು ಹುಟ್ಟಿದ್ದು ರಾಮದುರ್ಗದ ನೇಕಾರರ ಓಣಿಯಲ್ಲಿ. ಓಣಿಯ ಮನೆಮನೆಯಲ್ಲೂ ಮಗ್ಗ. ಬೆಳಗಿನಿಂದ ದೀಪ ಹಚ್ಚುವ ತನಕ ಲಾಳಿ ಓಡಾಡುವ ಸದ್ದು. ಆ ಸದ್ದಿನ ಲಯಕ್ಕೇ ಓಣಿಯ ಹೆಂಗಸರು ಕಂಡಿಕೆ ಸುತ್ತುತ್ತ ಹಾಡು ಹೇಳುತ್ತಿದ್ದರು. ಸದ್ದು ಎಲ್ಲಿ ಮುಗಿಯುತ್ತದೆ, ಹಾಡು ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಗೆರೆ ಕೊಯ್ದು ಹೇಳಲು ಬಾರದ ಜಾಗದಲ್ಲಿ ಬೆಳೆದವನೇ ಮಗನಿಗೆ ಆ ತೀರ್ಪು ಕೊಟ್ಟಿದ್ದೆ.

2024ರ ಅಕ್ಟೋಬರಿನಲ್ಲಿಯೂ ನನ್ನ ಬುದ್ಧಿ ಹಾಗೆಯೇ ಇತ್ತು. ರಾಣಿ ಚೆನ್ನಮ್ಮನ ಪಡೆ ಇಂಗ್ಲಿಷರನ್ನು ಸೋಲಿಸಿದ್ದು 1824ರ ಅಕ್ಟೋಬರ್ 23ರಂದು. ಆ ವಿಜಯಕ್ಕೆ ಇನ್ನೂರು ವರ್ಷ ತುಂಬಿದ ಕಿತ್ತೂರು ಉತ್ಸವಕ್ಕೆ ನಾನೂ ಹೋಗಿದ್ದೆ. ಸಂಜೆ ಗೀಗೀ ಮೇಳದವರು ದಪ್ಪಿನ ಮೇಲೆ ಕೈ ಬಡಿದು, ತುಂತುಣಿ ಮೀಟಿ, ಸಂಗೊಳ್ಳಿ ರಾಯಣ್ಣನ ಪದವನ್ನು ಎತ್ತರದ ದನಿಯಲ್ಲಿ ಹಾಡಿದರು. ಮೈ ಜುಮ್ಮೆಂದಿತು. ಅವರು ಇಳಿದ ಮೇಲೆ ವಾದ್ಯವೃಂದದ ಹುಡುಗರು ಗಿಟಾರು ಹಿಡಿದು ವೇದಿಕೆ ಹತ್ತಿದರು. ಮೊದಲ ಮೀಟಿಗೇ ನಾನು ಎದ್ದುಬಂದೆ. ಗೀಗೀ ಪದದ ಗದ್ದಲ ನನಗೆ ವೀರರಸವಾಗಿತ್ತು. ಗಿಟಾರಿನ ಗದ್ದಲ ಬರಿಯ ಗದ್ದಲವಾಗಿತ್ತು. ಈ ಭೇದವನ್ನು ಮಾಡಿದ್ದು ಕಿವಿಯಲ್ಲ, ಅಭಿಮಾನ.

ಅದಾದ ಮೂರು ತಿಂಗಳಿಗೆ, 2025ರ ಜನವರಿಯಲ್ಲಿ, ಬನದ ಹುಣ್ಣಿಮೆ 13ಕ್ಕೆ, ಸಂಕ್ರಾಂತಿ 14ಕ್ಕೆ ಬಂದವು. ಹುಣ್ಣಿಮೆಗೆ ಎರಡು ದಿನ ಮೊದಲೇ ಮಗ ಹೆಂಡತಿ, ಮಗಳೊಡನೆ ಊರಿಗೆ ಬಂದ. ಸಾಮಾನಿನ ಜೊತೆಗೆ ಉದ್ದನೆಯ ಪೆಟ್ಟಿಗೆಯೊಂದಿತ್ತು. ಒಳಗೆ ಏನಿದೆ ಎಂದು ಮೊಮ್ಮಗಳೇ ಹೇಳಿದಳು, ಬೆಲೆಯನ್ನೂ ಹೇಳಿಬಿಟ್ಟಳು. ಅಷ್ಟು ಹಣಕ್ಕೆ ನಮ್ಮ ದನದ ಪೇಟೆಯಲ್ಲಿ ಒಳ್ಳೆಯ ಜೋಡಿ ಎತ್ತು ಬಂದಾವು.

"ಇಷ್ಟು ರೊಕ್ಕ ಕೊಟ್ಟು ಕಟಗಿ ತಂದೀಯೇನೋ ತಮ್ಮಾ?" ಎಂದೆ.

"ಅಂಗಡ್ಯಾಗಿಂದಲ್ಲಪ್ಪಾ. ನನ್ನ ಕೈ ನೋಡಿ ಮಾಡಿದ್ದು. ಎರಡು ವರ್ಷ ರೊಕ್ಕ ಕೂಡಿಸಿ ಮಾಡಿಸೇನಿ. ಬಾರಸೂದಿಲ್ಲ ಬಿಡು, ಒಮ್ಮೆ ನೋಡು" ಎಂದ.

"ಬಾರಸೂದಿಲ್ಲ ಬಿಡು" ಎಂಬ ಆ ಮಾತು ನನ್ನನ್ನು ನೆಟ್ಟಗೆ ತಾಗಿತು. ನೋಡಿದೆ.

ಬೆಂಗಳೂರಿನಲ್ಲಿ ಕುಶಲಕರ್ಮಿಯೊಬ್ಬರು ಅವನಿಗಾಗಿಯೇ ಮಾಡಿದ ವಾದ್ಯವದು. ಅವನ ಬೆರಳು ಗಿಡ್ಡ. ಅದಕ್ಕೆ ತಕ್ಕಂತೆ ಹಿಡಿಕೆಯನ್ನು ತೆಳ್ಳಗೆ ಕೆತ್ತಿದ್ದರು. ಹಿಡಿಕೆಯ ಮೇಲಿನ ಕಪ್ಪು ಹಲಗೆ ಬೀಟೆ ಮರದ್ದು. ನಮ್ಮ ಸಹ್ಯಾದ್ರಿಯ ಬೀಟೆಯನ್ನು ಜಗತ್ತಿನ ಗಿಟಾರು ತಯಾರಕರೆಲ್ಲ ಈ ಹಲಗೆಗಾಗಿ ಬಯಸುತ್ತಾರಂತೆ. ಆ ಮರ ಉಳಿಯಲೆಂದು 2017ರಿಂದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಟ್ಟುಪಾಡು ಬಂತು. ತಯಾರಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ದೊರೆಯಿತು. ಪರದೇಶಿ ಎಂದು ನಾನು ಹೊರಗಿಟ್ಟಿದ್ದ ವಾದ್ಯದ ಮೈಯಲ್ಲಿ ನಮ್ಮ ಘಟ್ಟದ ಮರವಿತ್ತು.

ಒಳಗಿನ ಕೆಲಸವನ್ನೂ ಅವನು ತಿಳಿಸಿದ. ನಮ್ಮ ವೀಣೆ, ಸಿತಾರುಗಳಲ್ಲಿ ಬುರುಡೆಯ ಟೊಳ್ಳು ನಾದವನ್ನು ಬೆಳೆಸುತ್ತದೆ. ಇದಕ್ಕೆ ಟೊಳ್ಳಿಲ್ಲ, ಇಡಿಯ ಹಲಗೆ. ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತ; ಅದರ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯ ಏಳೆಂಟು ಸಾವಿರ ಸುತ್ತು. ಮೇಲಿನ ತಂತಿ ನಡುಗಿದರೆ ಅಯಸ್ಕಾಂತದ ಕ್ಷೇತ್ರ ಕದಲಿ, ಸುರುಳಿಯಲ್ಲಿ ಅತಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡ ನಿಯಮವೇ ಇದು. ಆ ಸಣ್ಣ ವಿದ್ಯುತ್ತನ್ನು ವರ್ಧಕ ಯಂತ್ರ ಹಿಗ್ಗಿಸಿ ಸದ್ದು ಮಾಡುತ್ತದೆ. ಸುರುಳಿಗೆ ಎಷ್ಟು ಸುತ್ತು, ಅಯಸ್ಕಾಂತ ಎಷ್ಟು ಬಲದ್ದು, ಅದು ತಂತಿಗೆ ಎಷ್ಟು ಸಮೀಪ ಎಂಬುದರ ಮೇಲೆ ದನಿಯ ಬಣ್ಣ ಬದಲಾಗುತ್ತದೆ. ಆದುದರಿಂದಲೇ ಇದರ ಹುಚ್ಚು ಹಿಡಿದವರು ಒಂದು ಸುರುಳಿಗಾಗಿ ತಿಂಗಳುಗಟ್ಟಲೆ ಹುಡುಕುತ್ತಾರೆ.

ಇದು ಹುಟ್ಟಿದ್ದೇಕೆ? ಅಮೆರಿಕದ ನೃತ್ಯಶಾಲೆಗಳಲ್ಲಿ ತುತ್ತೂರಿಗಳ ನಡುವೆ ಗಿಟಾರಿನ ದನಿ ಕೇಳಿಸುತ್ತಿರಲಿಲ್ಲ. 1931ರ ಸುಮಾರಿಗೆ ಬಾಣಲೆಯ ಆಕಾರದ ಮೊದಲ ವಿದ್ಯುತ್ ಗಿಟಾರು ಬಂತು. 1950ರಲ್ಲಿ ಲಿಯೋ ಫೆಂಡರ್ ಎಂಬಾತ ಇಡಿಯ ಹಲಗೆಯ ಗಿಟಾರನ್ನು ಪೇಟೆಗೆ ತಂದ. ಆತ ಮೂಲತಃ ರೇಡಿಯೋ ದುರಸ್ತಿಗಾರ. ಗಿಟಾರು ನುಡಿಸಲು ಅವನಿಗೆ ಬರುತ್ತಿರಲಿಲ್ಲ! ಬಾನುಲಿಯ ಮುಂದೆ ಕುಳಿತ ನೀವು ನಾವು ಆತನನ್ನು ನಮ್ಮವನೆಂದೇ ಎಣಿಸಬಹುದು. ಎಡಗೈಯ ಜಿಮಿ ಹೆಂಡ್ರಿಕ್ಸ್ ಬಲಗೈಯವರ ಗಿಟಾರನ್ನೇ ತಿರುಗಿಸಿ, ತಂತಿಗಳನ್ನು ಅದಲುಬದಲು ಕಟ್ಟಿಕೊಂಡು ನುಡಿಸಿದ. ವಾದ್ಯವನ್ನು ತನ್ನ ಕೈಗೆ ಒಗ್ಗಿಸಿಕೊಳ್ಳುವ ಹಟ ಆ ಲೋಕದಲ್ಲಿ ಮೊದಲಿನಿಂದಲೂ ಇದೆ.

ಕೊನೆಗೆ ಮಗ ಇನ್ನೊಂದು ಸಂಗತಿ ಹೇಳಿದ. ಬೇಕೆಂದೇ ಹೇಳಿದನೋ, ತಿಳಿಯದು. ಲಂಡನ್ನಿನ ಬ್ರಯನ್ ಮೇ ಎಂಬ ಹುಡುಗನಿಗೆ ಗಿಟಾರು ಕೊಳ್ಳಲು ಹಣವಿರಲಿಲ್ಲ. 1963ರಲ್ಲಿ, ಹದಿನಾರರ ಪ್ರಾಯದಲ್ಲಿ, ತಂದೆಯೊಡನೆ ಕೂಡಿ ತಾನೇ ಒಂದನ್ನು ಮಾಡತೊಡಗಿದ. ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮರ ಹಿಡಿಕೆಯಾಯಿತು. ಮೋಟಾರ್ ಸೈಕಲ್ಲಿನ ಸ್ಪ್ರಿಂಗು, ತಾಯಿಯ ಡಬ್ಬಿಯೊಳಗಿನ ಮುತ್ತಿನ ಚಿಪ್ಪಿನ ಗುಂಡಿ ಅದರ ಅಂಗಗಳಾದವು. ಎರಡು ವರ್ಷ ಹಿಡಿಯಿತು. ಮುಂದೆ ಆ ಹುಡುಗ ಖಗೋಳಶಾಸ್ತ್ರದ ಸಂಶೋಧನೆಯನ್ನು ಅರ್ಧಕ್ಕೆ ಬಿಟ್ಟು ಕ್ವೀನ್ ಎಂಬ ರಾಕ್ ತಂಡದಲ್ಲಿ ಆ ಗಿಟಾರನ್ನೇ ನುಡಿಸಹೋದಾಗ, ಜೊತೆಗೆ ಕುಳಿತು ಮರ ಕೆತ್ತಿದ ತಂದೆಯೇ ನೊಂದುಕೊಂಡ. ಆ ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿ ಪಾರ್ಸಿ ಮನೆತನದವನು. ನಮ್ಮ ನೆರೆಯ ರಾಜ್ಯದ ಸಾತಾರಾ ಜಿಲ್ಲೆಯ ಪಂಚಗನಿಯಲ್ಲಿ ಶಾಲೆ ಕಲಿತವನು. ಬ್ರಯನ್ ಮೇ ಬಿಟ್ಟುಹೋಗಿದ್ದ ಸಂಶೋಧನೆಯನ್ನು ಮುಗಿಸಿ ಡಾಕ್ಟರೇಟ್ ಪಡೆದದ್ದು 2007ರಲ್ಲಿ. ನಾನು ಮಗನ ಬಾಯಿ ಮುಚ್ಚಿಸಿದ್ದೂ ಅದೇ ವರ್ಷ.

ನಾನು ಏನನ್ನಾದರೂ ಹೇಳಬೇಕಾಗಿತ್ತು. ನನಗೆ ಗೊತ್ತಿದ್ದ ಮಿರಜಿನ ಮಾತು ಹೇಳಿದೆ. ನಮ್ಮ ಭಾಗದ ಗಾಯಕರ ತಂಬೂರಿಗಳು ಬರುವುದು ಮಿರಜಿನಿಂದ. 2024ರಲ್ಲಿ ಅಲ್ಲಿಯ ಸಿತಾರು, ತಂಬೂರಿಗಳಿಗೆ ಭೌಗೋಳಿಕ ಸೂಚ್ಯಂಕವೂ ದೊರೆಯಿತು. ಪಂಢರಪುರದ ಕಡೆಯ ಹೊಲಗಳಲ್ಲಿ ಬೆಳೆದ ಬುರುಡೆಯನ್ನು ಆರಿಸಿ, ಗಂಡು ದನಿಗೆ ಒಂದು ಅಳತೆ, ಹೆಣ್ಣು ದನಿಗೆ ಒಂದು ಅಳತೆ ಎಂದು ಅವರು ಮಾಡಿಕೊಡುತ್ತಾರೆ. ಕೊನೆಗೆ ಕುದುರೆಯನ್ನು ನಯವಾಗಿ ತೀಡಿ, ತಂತಿಯ ಕೆಳಗೆ ಎಳೆ ನೂಲು ಸೇರಿಸಿ, ನಾದ ಅರಳುವಂತೆ ಮಾಡುವುದಕ್ಕೆ ಜವಾರಿ ತೆಗೆಯುವುದು ಎನ್ನುತ್ತಾರೆ. ನಮ್ಮ ಕಡೆ ಜವಾರಿ ಎಂದರೆ ನಾಡ ತಳಿ: ಜವಾರಿ ಹತ್ತಿ, ಜವಾರಿ ಜೋಳ. ಎರಡರ ಮೂಲ ಬೇರೆ ಬೇರೆ ಇರಬಹುದು. ಆದರೆ ವಾದ್ಯವನ್ನು ಒಬ್ಬನ ಕೈಗೆ, ದನಿಗೆ, ಮಣ್ಣಿಗೆ ಒಗ್ಗಿಸುವ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಹೆಸರು ನನಗೆ ಕಾಣದು. ಮಗ ಕಣ್ಣರಳಿಸಿ ಕೇಳಿದ. "ಹಂಗಾದ್ರ ಇದೂ ಜವಾರಿನ ಆತಲ್ಲಪ್ಪಾ" ಎಂದ.

ಆ ಸಂಜೆ ನಮ್ಮ ಮುಂದಿನ ದಾರಿಯಲ್ಲಿ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಬಂಡಿ, ಟ್ರ್ಯಾಕ್ಟರುಗಳ ಸಾಲು. "ಉಧೋ ಉಧೋ" ಎಂಬ ಕೂಗು. ಒಂದು ಬಂಡಿಯವರು ಎತ್ತಿಗೆ ನೀರು ಕುಡಿಸಲು ನಮ್ಮ ಕಟ್ಟೆಯ ಬಳಿ ನಿಂತರು. ಅವರ ಜೊತೆಗೆ ಮುಪ್ಪಿನ ಜೋಗವ್ವ ಒಬ್ಬಳಿದ್ದಳು, ಕೈಯಲ್ಲಿ ಚೌಡಿಕೆ. ನೋಡದವರಿಗಾಗಿ ಹೇಳುತ್ತೇನೆ: ಮರದ ಸಣ್ಣ ಕೊಳಗ, ಅದರ ಒಂದು ಬಾಯಿಗೆ ಚರ್ಮ, ಚರ್ಮದ ನಡುವಿನಿಂದ ಹೊರಟು ಪಕ್ಕದ ಕೋಲಿನ ತುದಿಗೆ ಬಿಗಿದ ಒಂದೇ ತಂತಿ. ಬಿಗಿ ಹೆಚ್ಚು ಕಡಿಮೆಯಾದಂತೆ ದನಿ ಏರಿಳಿಯುತ್ತದೆ. ಜಾತ್ರೆಯ ಗದ್ದಲವನ್ನು ಸೀಳಿ ಕೇಳಿಸುತ್ತದೆ.

ಜೋಗವ್ವ ಕಟ್ಟೆಗೆ ಕುಳಿತು ಒಂದು ಪದ ಎತ್ತಿಕೊಂಡಳು. ಮಗ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ಗಿಟಾರನ್ನೂ ಸಣ್ಣದೊಂದು ವರ್ಧಕವನ್ನೂ ತಂದು ಅವಳಿಗೆ ಒಂದಿಷ್ಟು ದೂರದಲ್ಲಿ ಕುಳಿತ. ಮೊದಲು ಅವಳ ಸ್ವರ ಸಿಗಲಿಲ್ಲ. ಅದು ಗಿಟಾರಿನ ಮೆಟ್ಟುಗಳ ನಡುವೆ ಎಲ್ಲೋ ಇತ್ತು. ತಂತಿಯನ್ನು ಬೆರಳಿನಿಂದ ಪಕ್ಕಕ್ಕೆ ಎಳೆದು ಎಳೆದು ಕೊನೆಗೆ ಆ ಸ್ವರವನ್ನು ಮುಟ್ಟಿದ. ಅವಳು ಹಾಡು ನಿಲ್ಲಿಸದೆ ತಿರುಗಿ ನೋಡಿದಳು. ಪದ ಮುಗಿದ ಮೇಲೆ, "ಆರು ತಂತಿ ಕಟ್ಟೀದಿ, ನನ್ನ ಒಂದs ತಂತಿ ಹಿಡಿಯಾಕ ಇಷ್ಟೊತ್ತು ಬೇಕಾತೇನೋ ಯಪ್ಪಾ?" ಎಂದು ನಕ್ಕಳು. ಮನೆಯವರೆಲ್ಲ ನಕ್ಕರು. ನನಗೆ ಮಾತ್ರ ಕಣ್ಣು ತುಂಬಿ ಬಂತು. ಹದಿನೆಂಟು ವರ್ಷದ ಮೇಲೆ ನನ್ನ ಮಗ ನನ್ನ ಕಟ್ಟೆಯ ಮೇಲೆ ನುಡಿಸಿದ್ದ.

ಇನ್ನೊಂದು ನಾಚಿಕೆಯೂ ಅಲ್ಲಿ ಕಾದಿತ್ತು. ಧಾರವಾಡದಲ್ಲಿ ಎಂ.ಎ. ಓದುವಾಗ ನಾನು ಗುಡ್ಡಕ್ಕೆ ಹೋಗಿ ಚೌಡಿಕೆ ಪದಗಳನ್ನು ಬರೆದುಕೊಂಡಿದ್ದೆ. ಆ ವಹಿ ಇನ್ನೂ ಇದೆ. ಅಂದು ರಾತ್ರಿ ತೆಗೆದು ನೋಡಿದೆ. ಪದವಿದೆ, ಪ್ರಾಸವಿದೆ, ಪಾಠಾಂತರವಿದೆ. ವಾದ್ಯದ ಬಗ್ಗೆ ಒಂದು ಸಾಲಿಲ್ಲ; ನುಡಿಸಿದವಳ ಬೆರಳಿನ ಬಗ್ಗೆ ಒಂದು ಅಕ್ಷರವಿಲ್ಲ. ಮಗನ ಗಿಟಾರಿನಲ್ಲಿ ಸದ್ದನ್ನಷ್ಟೇ ಕೇಳಿದವನು, ಜೋಗವ್ವನ ಹಾಡಿನಲ್ಲಿ ಮಾತನ್ನಷ್ಟೇ ಕೇಳಿದ್ದೆ. ಎರಡೂ ಅರೆ ಕಿವುಡೇ.

ಎಲ್ಲವನ್ನೂ ಹೊಗಳಿ ಮುಗಿಸುವುದು ನನ್ನ ಉದ್ದೇಶವಲ್ಲ. ರಾಕ್ ಲೋಕದಲ್ಲಿ ಮಾದಕ ವಸ್ತುಗಳ ಹಾವಳಿ ಇತ್ತು. ಹೆಂಡ್ರಿಕ್ಸ್ 1970ರಲ್ಲಿ, ಇಪ್ಪತ್ತೇಳನೆಯ ವಯಸ್ಸಿನಲ್ಲಿಯೇ ತೀರಿಕೊಂಡ. ಚೌಡಿಕೆಯ ಹಿಂದೆಯೂ ನೋವಿದೆ. ಎಳೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುತ್ತಿದ್ದ ಪದ್ಧತಿಯನ್ನು ನಿಷೇಧಿಸಿ ನಮ್ಮ ರಾಜ್ಯ 1982ರಲ್ಲಿ ಕಾಯಿದೆ ಮಾಡಬೇಕಾಯಿತು. ಆ ಅನ್ಯಾಯ ಹೋಗಬೇಕು, ತಂತಿ ಉಳಿಯಬೇಕು. ಕೇಡನ್ನು ವಾದ್ಯದಿಂದ ಬಿಡಿಸಿ ನೋಡುವ ವಿವೇಕವನ್ನು ಚೌಡಿಕೆಗೆ ಕೊಟ್ಟರೆ ಗಿಟಾರಿಗೂ ಕೊಡಬೇಕಾಗುತ್ತದೆ.

ಕನ್ನಡವಂತೂ ಆ ವಾದ್ಯದ ಮೇಲೆ ಆಗಲೇ ಕಾಲೂರಿದೆ. ಏಕತಾರಿ ಹಿಡಿದು ಹಾಡುವವರ ಬಾಯಲ್ಲಿ ಉಳಿದುಬಂದ ಶಿಶುನಾಳ ಷರೀಫರ ಪದಗಳನ್ನು ರಘು ದೀಕ್ಷಿತರು 2008ರಲ್ಲಿ ಬಂದ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಗಿಟಾರಿನೊಡನೆ ಹಾಡಿದರು. ಷರೀಫರು 1889ರಲ್ಲಿ ಕಣ್ಮುಚ್ಚಿದವರು. ಹೊಸ ತಂತಿಯ ಮೇಲೆ ಅವರ ಮಾತು ಮುಕ್ಕಾಗಲಿಲ್ಲ. ಆ ಮಾತಿನ ಸಹವಾಸದಿಂದ ತಂತಿಯೇ ನಮ್ಮದಾಯಿತು.

ಕೇಳುಗ ಬಂಧುಗಳೇ, ನಿಮ್ಮ ಮನೆಯ ಮಕ್ಕಳ ಕೈಯಲ್ಲಿ ನಿಮಗೆ ತಿಳಿಯದ ವಾದ್ಯವೊಂದು ಇರಬಹುದು. ಮೆಚ್ಚಬೇಕೆಂದು ನಾನು ಹೇಳುವುದಿಲ್ಲ. ಅದನ್ನು ಹೇಗೆ ಮಾಡಿದರು, ಯಾವ ಮರದ್ದು, ನಿನ್ನ ಕೈಗೆ ಹೇಗೆ ಒಗ್ಗಿತು ಎಂದು ಒಮ್ಮೆ ಕೇಳಿರಿ. ಈಗ ಪ್ರತಿ ಭಾನುವಾರ ಮಗ ಫೋನಿನಲ್ಲಿ ಏನಾದರೂ ನುಡಿಸುತ್ತಾನೆ. ಎಲ್ಲವೂ ಹಿಡಿಸುತ್ತದೆ ಎಂದರೆ ಸುಳ್ಳಾದೀತು. ಹಿಡಿಸದಿದ್ದರೆ ಹಿಡಿಸಲಿಲ್ಲ ಎಂದೇ ಹೇಳುತ್ತೇನೆ. ಆದರೆ ಈಗ ಪೂರ್ತಿ ಕೇಳಿದ ಮೇಲೆ ಹೇಳುತ್ತೇನೆ. ಅವನೂ ನಕ್ಕು, ಮತ್ತೊಂದನ್ನು ನುಡಿಸುತ್ತಾನೆ.

(ಬಾನುಲಿ ಭಾಷಣ)